ಕ್ಯಾಂಪರ್ ಗಾಡಿಗೆ ಯಾವ ಮ್ಯಾಪು ಸರಿ? ಮೈಸೂರು-ಮಂಡ್ಯ ಕಡೆಯಿಂದ ಹೊರಡೋರಿಗೆ ಒಂದು ಹೋಲಿಕೆ

ಪಾಂಡವಪುರ ದಾಟಿ ಸ್ವಲ್ಪ ದೂರದಲ್ಲಿ ಒಂದು ರೈಲ್ವೆ ಅಂಡರ್‌ಪಾಸ್ ಮುಂದೆ ನಮ್ಮ ಗಾಡಿ ನಿಂತಾಗ ಸಂಜೆ ಆರೂವರೆ. ಎದುರಿಗೆ ಹಳದಿ-ಕಪ್ಪು ಬಳಿದ ಕಂಬಿ, ಅದರ ಮೇಲೆ 2.6 ಮೀಟರ್ ಅಂತ ಬರ್ದಿದೆ, ನಮ್ಮ ಗಾಡಿ ನೆತ್ತಿ ಮೇಲೆ ಸೋಲಾರ್ ಪ್ಯಾನಲ್ ಇದೆ, ಹಿಂದೆ ಡೈರಿಗೆ ಹಾಲಿನ ಕ್ಯಾನ್ ಹೇರ್ಕೊಂಡು ಹೋಗ್ತಿರೋ ಗೂಡ್ಸ್ ಆಟೋ ಹಾರನ್ ಹೊಡೀತಿದೆ, ಫೋನ್ ಮಾತ್ರ "ನೇರವಾಗಿ ಮುಂದುವರಿಯಿರಿ" ಅಂತಾನೇ ಇದೆ. ಗದ್ದೆಯಿಂದ ಬಂದ ಒಬ್ರು ಯಜಮಾನ್ರು ಗಾಡೀನ ಮೇಲಿಂದ ಕೆಳಗೆ ನೋಡಿ "ಇದ್ರಲ್ಲಿ ಓಗಾಕಾಗಕಿಲ್ಲ ಸಾ, ನಿಮ್ ಫೋನು ನಿಮ್ ಗಾಡಿ ನೋಡೈತಾ?" ಅಂತ ಕೇಳಿದ್ರು. ಆಮೇಲೆ ಅವ್ರೇ ಹಿಂದೆ ನಿಂತು ಕೈ ತೋರಿಸಿ ಇನ್ನೂರು ಮೀಟರ್ ರಿವರ್ಸ್ ತೆಗೆಸಿ, ಒಂದು ಆಲೆಮನೆ ಅಂಗಳದಲ್ಲಿ ತಿರುಗಿಸಿಕೊಟ್ರು.

ಅವ್ರು ಕೇಳಿದ ಆ ಪ್ರಶ್ನೇನೇ ಈ ಬರಹದ ಪೂರ್ತಿ ವಿಷಯ. ಕಾರಲ್ಲಿ ಓಡಾಡೋರು ಮ್ಯಾಪ್ ಆರಿಸೋವಾಗ ಯಾವುದು ಬೇಗ ತಲುಪಿಸುತ್ತೆ ಅಂತ ನೋಡ್ತಾರೆ. ಕ್ಯಾಂಪರಿನೋರು, ಅಂದ್ರೆ ಟೆಂಪೋ ಟ್ರಾವೆಲರನ್ನ ಮನೆ ಮಾಡ್ಕೊಂಡು ಹೊರಟೋರು, ವ್ಯಾನ್ ಮೇಲೆ ಟೆಂಟ್ ಕಟ್ಟಿರೋರು, ಬಾಡಿಗೆಗೆ ಕ್ಯಾರವಾನ್ ತಗೊಳ್ಳೋರು ಮೊದಲು ನೋಡ್ಬೇಕಾದ್ದು ಬೇರೆ, ಈ ಮ್ಯಾಪಿಗೆ ನನ್ನ ಗಾಡಿ ಗಾತ್ರ ಗೊತ್ತಾ, ಗೊತ್ತಿಲ್ಲ ಅಂದ್ರೆ ನಾನು ಆರಿಸಿದ ದಾರೀಲೇ ಅದನ್ನ ಕಟ್ಟಿಹಾಕೋಕೆ ಆಗುತ್ತಾ. ಎರಡರಲ್ಲಿ ಒಂದಾದ್ರೂ ಇರ್ಬೇಕು. ನಮ್ಮ ಕಡೆ ರಸ್ತೆಗೆ ಎರಡನೇದು ಇನ್ನೂ ಮುಖ್ಯ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಟೇಪ್ ತಗೊಂಡು ಗಾಡಿ ಅಳೀರಿ. ಕಂಪನಿ ಪುಸ್ತಕದಲ್ಲಿರೋ ಎತ್ತರ ಅಲ್ಲ, ಕ್ಯಾರಿಯರ್, ಪ್ಯಾನಲ್, ಮೇಲಿನ ಫ್ಯಾನು, ಕಟ್ಟಿರೋ ಟೆಂಟು ಎಲ್ಲಾ ಸೇರಿಸಿ. ನಮ್ದು 9 ಅಡಿ 3 ಇಂಚು, ಅಂದ್ರೆ ಹೆಚ್ಚುಕಮ್ಮಿ 2.82 ಮೀಟರ್. ಅಗಲ ಅಳೆಯೋವಾಗ ಎರಡೂ ಕನ್ನಡಿ ಹೊರಕ್ಕೆ ಚಾಚಿಟ್ಟು ಅಳೀರಿ, ಉದ್ದಕ್ಕೆ ಹಿಂದಿನ ಸೈಕಲ್ ಸ್ಟ್ಯಾಂಡ್ ಸೇರಿಸಿ, ನೀರಿನ ಟ್ಯಾಂಕ್ ತುಂಬಿಸಿ, ಸಾಮಾನು ಹಾಕಿ, ಮನೆ ಜನ ಎಲ್ಲಾ ಕೂತು ಒಂದ್ಸಲ ವೇಬ್ರಿಡ್ಜ್‌ ಮೇಲೆ ತೂಕ ಹಾಕಿಸಿ. ಈ ನಾಲ್ಕು ಅಂಕಿ ಒಂದು ಚೀಟೀಲಿ ಬರೆದು ಡ್ರೈವರ್ ಎದುರಿಗೆ ಸನ್‌ವೈಸರ್ ಮೇಲೆ ಅಂಟಿಸಿ, ಮೀಟರಲ್ಲೂ ಬರೀರಿ ಅಡೀಲೂ ಬರೀರಿ, ಯಾಕಂದ್ರೆ ನಮ್ಮಲ್ಲಿ ಬೋರ್ಡ್ ಇರೋದು ಮೀಟರಲ್ಲಿ, ದಾರೀಲಿ ಜನ ಹೇಳೋದು ಅಡೀಲಿ.

ನಮ್ಮ ಕಡೆ ರೋಡಲ್ಲಿ ಏನು ವಿಶೇಷ ಅಂತ ಕೇಳಿದ್ರೆ, ಮೂರು ಸಂಗತಿ. ಒಂದು ಈ ರೈಲ್ವೆ ಅಂಡರ್‌ಪಾಸು. ಬ್ರಾಡ್‌ಗೇಜ್ ಹಳಿ ಮೇಲಿದ್ದ ಕಾವಲಿಲ್ಲದ ಗೇಟುಗಳನ್ನೆಲ್ಲಾ ರೈಲ್ವೆಯವ್ರು 2019ರ ಜನವರಿ ಹೊತ್ತಿಗೆ ತೆಗೆದ್ರು, ಬಹಳ ಕಡೆ ಅದರ ಬದಲಿಗೆ ಬಂದಿದ್ದು ಲಿಮಿಟೆಡ್ ಹೈಟ್ ಸಬ್‌ವೇ. ಹೆಸರಲ್ಲೇ ಇದೆ ನೋಡಿ, ಎತ್ತರಕ್ಕೆ ಮಿತಿ ಇದೆ ಅಂತ. ಬೈಕು, ಕಾರು, ಆಟೋಗೆ ಅದು ದೊಡ್ಡ ಉಪಕಾರ, ಪ್ರಾಣ ಉಳಿಸಿದೆ, ನಮ್ಮಂಥ ಗಾಡಿಗೆ ಮಾತ್ರ ಅಲ್ಲಿಗೇ ದಾರಿ ಮುಗೀತು. ಜೋರು ಮಳೆ ಬಂದ್ರೆ ಕೆಳಗೆ ನೀರೂ ನಿಲ್ಲುತ್ತೆ.

ಎರಡನೇದು ನಾಲೆ ಏರಿ. ಮಂಡ್ಯ ಜಿಲ್ಲೆಯೋರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆ, ಅದರ ಕವಲು ನಾಲೆಗಳ ಪಕ್ಕ ಹೋಗೋ ರಸ್ತೆ ಮ್ಯಾಪಲ್ಲಿ ಬಾಣ ಬಿಟ್ಟಂಗೆ ನೇರ ಕಾಣುತ್ತೆ, ದೂರ ಕಡಿಮೆ, ಟ್ರಾಫಿಕ್ ಇಲ್ಲ, ಹಂಗಾಗಿ ಲೆಕ್ಕ ಹಾಕೋ ಯಂತ್ರಕ್ಕೆ ಅದು ಒಳ್ಳೇ ದಾರಿ. ಅದು ಎಷ್ಟು ಕಿರಿದು, ಎಷ್ಟು ಕಡೆ ತಡೆಗೋಡೆ ಇಲ್ಲ ಅನ್ನೋದು ಗೆರೆ ನೋಡಿದ್ರೆ ತಿಳಿಯಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಹತ್ರ ಬಸ್ಸು ಇದೇ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು 30 ಜನ ಹೋದ್ರು, ಅದರಲ್ಲಿ ಶಾಲೆ ಮಕ್ಕಳೂ ಇದ್ರು. ಆಮೇಲೂ ಕಾರುಗಳು ಬಿದ್ದಿವೆ. ಎರಡು ಟನ್‌ಗೂ ಮೇಲಿನ ಮನೆ ಹೊತ್ಕೊಂಡು, ಎದುರಿಂದ ಟ್ರ್ಯಾಕ್ಟರ್ ಬಂದ್ರೆ ಸರಿಯೋಕೆ ಜಾಗ ಇಲ್ಲದ ಏರಿ ಮೇಲೆ ರಾತ್ರಿ ಹೊತ್ತು ಹೋಗೋದು ಬೇಡವೇ ಬೇಡ, ಹತ್ತು ನಿಮಿಷ ಉಳಿದ್ರೂ ಬೇಡ, ಅರ್ಧ ಗಂಟೆ ಉಳಿದ್ರೂ ಬೇಡ.

ಮೂರನೇದು ಕಬ್ಬು ಕಡಿಯೋ ಕಾಲ. ಫ್ಯಾಕ್ಟರಿ ಓಡ್ತಿರೋವಾಗ ಒಳರಸ್ತೆಗಳಲ್ಲಿ ಟ್ರೈಲರ್ ಎರಡೂ ಬದಿ ಕಬ್ಬು ಚಾಚ್ಕೊಂಡಿರುತ್ತೆ, ಹಿಂದೆ ಲೈಟ್ ಇರಲ್ಲ. ಯಾವ ಆ್ಯಪಲ್ಲೂ ಇದು ಕಾಣಲ್ಲ.

ಈಗ ಒಂದೊಂದಾಗಿ ಬರೋಣ.

ಗೂಗಲ್ ಮ್ಯಾಪ್ಸ್. ಎಲ್ಲರ ಫೋನಲ್ಲೂ ಇದೆ, ಬೆಂಗಳೂರು ದಾಟೋವಾಗ ಟ್ರಾಫಿಕ್ ಹೇಳೋದಕ್ಕೆ ಇದನ್ನ ಬಿಟ್ರೆ ಇಲ್ಲ, ಹೋಟ್ಲು, ಬಂಕು, ಪಂಕ್ಚರ್ ಅಂಗಡಿ ಹುಡುಕೋಕೂ ಇದೇ ಮುಂದು. ಆದ್ರೆ ಗಾಡಿ ಎತ್ತರ, ಅಗಲ, ತೂಕ ಹಾಕೋ ಜಾಗ ಇದರಲ್ಲಿಲ್ಲ. ಕಾರು ಅಂದ್ರೆ ಎಲ್ಲಾ ಕಾರೂ ಒಂದೇ. ಕಿರಿದಾದ ರಸ್ತೆ ತಪ್ಪಿಸೋ ಸೌಲಭ್ಯ 2024ರ ಜುಲೈನಲ್ಲಿ ಬಂತು, ಮೊದಲು ಎಂಟು ನಗರಕ್ಕೆ, ನಮ್ಮ ರಾಜ್ಯದಿಂದ ಅದರಲ್ಲಿದ್ದದ್ದು ಬೆಂಗಳೂರು. ಒಳ್ಳೇ ಹೆಜ್ಜೇನೇ, ಆದ್ರೆ ನಗರದ ಗಲ್ಲಿ ತಪ್ಪಿಸೋದು ಬೇರೆ, ನಾಲೆ ಏರಿ ತಪ್ಪಿಸೋದು ಬೇರೆ.

ಇದನ್ನ ಉಪಯೋಗಿಸೋರು ಒಂದು ಮಾತು ನೆನಪಿಟ್ಕೊಳ್ಳಿ, ಬೈಕ್ ಓಡಿಸೋರ ಫೋನಲ್ಲಿ ಟೂ ವೀಲರ್ ಮೋಡ್ ಹಂಗೇ ಉಳಿದಿರುತ್ತೆ, ಅದು 2017ರಿಂದ ನಮ್ಮ ದೇಶದಲ್ಲಿದೆ, ಆ ಮೋಡಲ್ಲಿ ಕ್ಯಾಂಪರ್ ಹೊರಟ್ರೆ ಬೈಕ್ ನುಗ್ಗೋ ಸಂದಿಗೆಲ್ಲಾ ಕರ್ಕೊಂಡು ಹೋಗುತ್ತೆ. ಹೊರಡೋ ಮುಂಚೆ ಮೇಲೆ ಕಾರಿನ ಚಿತ್ರ ಇದೆಯಾ ನೋಡಿ. ಇನ್ನೊಂದು, ಮನೇಲಿ ಕಂಪ್ಯೂಟರಲ್ಲಿ ದಾರಿ ತೆಗೆದು ಗೆರೇನ ಮೌಸಲ್ಲಿ ಹಿಡಿದು ಎಳೆದು ಬೇಕಾದ ರಸ್ತೆ ಮೇಲೆ ಕೂರಿಸ್ಬೋದು, ಮಧ್ಯೆ ಊರುಗಳನ್ನ ಸ್ಟಾಪ್ ಆಗಿ ಹಾಕಿ ಆ ಲಿಂಕನ್ನ ಫೋನಿಗೆ ಕಳಿಸ್ಕೋಬೋದು. ಹುಣಸೂರು, ಗೋಣಿಕೊಪ್ಪ, ಕುಟ್ಟ ಅಂತ ಮೂರು ಸ್ಟಾಪ್ ಹಾಕಿದ್ರೆ ಆಲ್ಮೋಸ್ಟ್ ಆ ದಾರೀಲೇ ಇರುತ್ತೆ. ಆಲ್ಮೋಸ್ಟ್ ಅಂದಿದ್ದು ಬೇಕಂತಲೇ. ಎರಡು ಸ್ಟಾಪ್ ನಡುವೆ ಒಂದು ತಿರುವು ತಪ್ಪಿದ್ರೆ ಹೊಸದಾಗಿ ಲೆಕ್ಕ ಹಾಕುತ್ತೆ, ಆ ಲೆಕ್ಕದಲ್ಲಿ ನೀವು ಬೇಡ ಅಂದಿದ್ದ ಒಳದಾರಿ ಮತ್ತೆ ಬಂದು ಕೂರ್ಬೋದು. ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡ್ರೆ ನೆಟ್ ಇಲ್ಲದ ಕಡೇನೂ ದಾರಿ ಹೇಳುತ್ತೆ, ಆದ್ರೆ ಆಗ ಟ್ರಾಫಿಕ್ ಇಲ್ಲ, ಬದಲಿ ದಾರಿ ಇಲ್ಲ, ಲೇನ್ ಸೂಚನೆ ಇಲ್ಲ.

ಮ್ಯಾಪಲ್ಸ್. ಮ್ಯಾಪ್‌ಮೈಇಂಡಿಯಾದವರದ್ದು, ಆ ಕಂಪನಿ 1995ರಿಂದ ನಮ್ಮ ದೇಶದ ನಕ್ಷೆ ಮಾಡ್ತಾ ಬಂದಿದೆ. ಇದರಲ್ಲಿ ನನಗೆ ಇಷ್ಟ ಆಗೋದು ಜಂಕ್ಷನ್ ವ್ಯೂ, ಅಂದ್ರೆ ಫ್ಲೈಓವರ್ ಹತ್ರ ಬಂದಾಗ ಯಾವ ಕವಲು ಹಿಡೀಬೇಕು ಅಂತ ಚಿತ್ರದಲ್ಲಿ ದೊಡ್ಡದಾಗಿ ತೋರ್ಸುತ್ತೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಇದರ ಬೆಲೆ ಗೊತ್ತಾಗೋದು. ಅಲ್ಲಿ ಮೇನ್ ರೋಡೂ ಸರ್ವಿಸ್ ರೋಡೂ ಅಂಟ್ಕೊಂಡಂಗೆ ಹೋಗ್ತವೆ, ಫೋನಿನ ಜಿಪಿಎಸ್ ಆಕಾಶ ತೆರೆದಿದ್ರೂ ಕೆಲವು ಮೀಟರ್ ಆಚೀಚೆ ತೋರ್ಸೋದು ಸಹಜ, ಹಂಗಾಗಿ ನೀವು ಮೇಲೆ ಇದ್ದೀರೋ ಪಕ್ಕದಲ್ಲಿದ್ದೀರೋ ಅಂತ ಯಾವ ಆ್ಯಪಿಗಾದ್ರೂ ಗೊಂದಲ ಆಗುತ್ತೆ. ಒಂದು ಎಕ್ಸಿಟ್ ತಪ್ಪಿದ್ರೆ ಮದ್ದೂರು ವಡೆ ಅಂದ್ಕೊಂಡು ಹೊರಟೋರು ಮಂಡ್ಯ ಬೈಪಾಸಲ್ಲಿರ್ತೀರಿ, ಕಾರಾದ್ರೆ ಹೆಂಗೋ ತಿರುಗಿಸ್ಕೊಂಡು ಬರ್ಬೋದು, ಉದ್ದ ಗಾಡೀಲಿ ಸರ್ವಿಸ್ ರೋಡಿಗಿಳಿದು ಯಾವುದೋ ಅಂಡರ್‌ಪಾಸಲ್ಲಿ ಯೂ ಟರ್ನ್ ಹುಡುಕೋದು ತುಂಬಾ ಕಷ್ಟ. ಹಂಪು, ಗುಂಡಿ, ತೀಕ್ಷ್ಣ ತಿರುವಿಗೆ ಮುಂಚೇನೇ ಎಚ್ಚರಿಕೆ ಕೊಡೋದೂ ಇದರಲ್ಲಿದೆ. ಹಿಂದೆ ಗ್ಯಾಸ್ ಸ್ಟೌ, ಪಾತ್ರೆ, ಮಲಗಿರೋ ಅಜ್ಜಿ ಇರೋ ಗಾಡಿಗೆ ಹಂಪಿನ ಎಚ್ಚರಿಕೆ ಸಣ್ಣ ವಿಷಯ ಅಲ್ಲ. ಆರು ಅಕ್ಷರದ ಮ್ಯಾಪಲ್ಸ್ ಪಿನ್ ಕೊಟ್ರೆ ತೋಟದ ಮನೆಗೂ ನೇರ ಬರ್ಬೋದು.

ಟೋಲ್ ವಿಷಯ ಇಲ್ಲೇ ಹೇಳಿಬಿಡ್ತೀನಿ. ಆ್ಯಪಲ್ಲಿ ಕಾಣೋ ಟೋಲ್ ಸಾಮಾನ್ಯವಾಗಿ ಕಾರಿಂದು. ನಿಮ್ಮ ಗಾಡಿ ಆರ್‌ಸಿಲಿ ಮಿನಿಬಸ್ ಅಂತಿದ್ರೆ ದರ ಬೇರೆ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸು, ಒಂದು ವರ್ಷ ಅಥವಾ 200 ಟ್ರಿಪ್ ಅಂತಾರಲ್ಲ, ಅದು ವಾಣಿಜ್ಯ ಅಲ್ಲದ ಕಾರು, ಜೀಪು, ವ್ಯಾನಿಗೆ ಮಾತ್ರ. ಮಾರುತಿ ಓಮ್ನಿಲಿ ಮಲಗೋ ಜಾಗ ಮಾಡ್ಕೊಂಡಿರೋರಿಗೆ ಲಾಭ, ದೊಡ್ಡ ಗಾಡಿಯೋರು ಲೆಕ್ಕ ಬೇರೆ ಹಾಕಿ.

ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಡೆಯೋ ಎರಡು ಆ್ಯಪು, ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತೆ ಓಸ್ಮ್‌ಆಂಡ್. ಓಪನ್‌ಸ್ಟ್ರೀಟ್‌ಮ್ಯಾಪ್ ಅಂದ್ರೆ 2004ರಲ್ಲಿ ಶುರುವಾದದ್ದು, ಜನಾನೇ ಸೇರಿ ಬರೆಯೋ ನಕ್ಷೆ, ಯಾರು ಬೇಕಾದ್ರೂ ತಿದ್ದಬೋದು. ಎರಡು ಆ್ಯಪಲ್ಲೂ ಮ್ಯಾಪ್ ಪೂರ್ತಿ ಫೋನಿಗೆ ಇಳಿಯುತ್ತೆ, ಆಮೇಲೆ ನೆಟ್ ಬೇಡ. ಇಲ್ಲಿ ಬಹಳ ಜನಕ್ಕಿರೋ ಒಂದು ತಪ್ಪು ತಿಳುವಳಿಕೆ ಹೇಳ್ಬೇಕು, ನೆಟ್‌ವರ್ಕ್ ಹೋದ್ರೆ ಜಿಪಿಎಸ್ಸೂ ಹೋಯ್ತು ಅಂದ್ಕೋತಾರೆ. ಜಿಪಿಎಸ್ ಬರೋದು ಉಪಗ್ರಹದಿಂದ, ಫೋನ್ ಬರೀ ಕೇಳಿಸ್ಕೊಳ್ಳುತ್ತೆ, ಸಿಮ್ಮೇ ಇಲ್ಲದಿದ್ರೂ ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಗೊತ್ತು. ಹೋಗೋದು ಮ್ಯಾಪಿನ ಚಿತ್ರ, ಅದು ಫೋನಲ್ಲೇ ಇದ್ರೆ ಬಂಡೀಪುರದ ಮಧ್ಯದಲ್ಲೂ ಎಲ್ಲಾ ನಡೆಯುತ್ತೆ.

ಆರ್ಗ್ಯಾನಿಕ್ ಮ್ಯಾಪ್ಸ್ ಪೂರ್ತಿ ಉಚಿತ, ಜಾಹೀರಾತಿಲ್ಲ, ಹಳೇ ಫೋನಲ್ಲೂ ಸಲೀಸು, ನಮ್ಮ ಅಮ್ಮ ಕೂಡ ಹಿಂದೆ ಕೂತು ಅದರಲ್ಲಿ ಮುಂದಿನ ಊರು ಯಾವುದು ಅಂತ ನೋಡ್ತಾ ಬರ್ತಾರೆ. ಮಣ್ಣು ರಸ್ತೆ ಬೇಡ, ಟೋಲ್ ಬೇಡ ಅಂತ ಹೇಳ್ಬೋದು. ಗಾಡಿ ಗಾತ್ರ ಹಾಕೋಕೆ ಮಾತ್ರ ಆಗಲ್ಲ.

ಓಸ್ಮ್‌ಆಂಡ್ ಮೊದಲ ಸಲ ತೆರೆದಾಗ ತಲೆ ತಿರುಗುತ್ತೆ, ಅಷ್ಟೊಂದು ಮೆನು. ಒಂದು ಭಾನುವಾರ ಕೂತ್ಕೊಂಡು ಕಲೀರಿ, ಕ್ಯಾಂಪರ್ ಇಟ್ಟಿರೋರಿಗೆ ಆ ಭಾನುವಾರ ದಂಡ ಅಲ್ಲ. ಟ್ರಕ್ ಪ್ರೊಫೈಲ್ ಆನ್ ಮಾಡಿ ಎತ್ತರ, ಅಗಲ, ಉದ್ದ, ತೂಕ ಹಾಕ್ಬೋದು, ಆಮೇಲೆ ನಕ್ಷೇಲಿ ಮಿತಿ ಬರೆದಿರೋ ಕಡೆಯೆಲ್ಲಾ ಅದು ನಿಮ್ಮನ್ನ ಕಳಿಸಲ್ಲ. ಆಂಡ್ರಾಯ್ಡಲ್ಲಿ ಉಚಿತ ಆವೃತ್ತೀಲಿ ಏಳು ಮ್ಯಾಪ್ ಡೌನ್‌ಲೋಡ್ ಸಿಗುತ್ತೆ, ರಾಜ್ಯವಾರು ಇರೋದ್ರಿಂದ ಕರ್ನಾಟಕ, ಕೇರಳ, ತಮಿಳುನಾಡು, ಗೋವಾ ಇಳಿಸ್ಕೊಂಡ್ರೂ ಇನ್ನೂ ಉಳಿಯುತ್ತೆ.

ಆದ್ರೆ ಇಲ್ಲೊಂದು ದೊಡ್ಡ ಆದ್ರೆ ಇದೆ. "ನಕ್ಷೇಲಿ ಬರೆದಿರೋ ಕಡೆ" ಅಂದ್ನಲ್ಲ, ನಮ್ಮ ಹಳ್ಳಿ ಅಂಡರ್‌ಪಾಸುಗಳಲ್ಲಿ ಬಹಳಷ್ಟಕ್ಕೆ ಎತ್ತರ ಇನ್ನೂ ಯಾರೂ ಬರೆದೇ ಇಲ್ಲ. ಬರೆದಿಲ್ಲ ಅಂದ್ರೆ ಆ ಆ್ಯಪು ಅಡ್ಡಿ ಇಲ್ಲ ಅಂದ್ಕೊಳ್ಳುತ್ತೆ. ಯುರೋಪಲ್ಲಿ ಇದೇ ಆ್ಯಪನ್ನ ಕಣ್ಣುಮುಚ್ಚಿ ನಂಬೋರು ಇದ್ದಾರೆ, ಅಲ್ಲಿ ಸೇತುವೆ ಎತ್ತರ ಬರೆದಿದ್ದಾರೆ, ಅಷ್ಟೇ ವ್ಯತ್ಯಾಸ. ಇದಕ್ಕೆ ನಾವೇ ಮಾಡೋ ಕೆಲಸ ಇದೆ. ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆಂಡ್ರಾಯ್ಡ್ ಆ್ಯಪ್ ಹಾಕ್ಕೊಳ್ಳಿ, ಸೇತುವೆ ಕೆಳಗೆ ಹೋಗೋ ರಸ್ತೆ ಹತ್ರ ನಿಂತ್ರೆ ಇಲ್ಲಿ ಎತ್ತರದ ಮಿತಿ ಎಷ್ಟು ಅಂತ ಅದೇ ಕೇಳುತ್ತೆ, ಗೇಜ್ ಬೋರ್ಡ್ ನೋಡಿ ಅಂಕಿ ಹಾಕಿದ್ರೆ ಆಯ್ತು, ಕಾಲು ನಿಮಿಷದ ಕೆಲಸ. ಮೈಸೂರಿಂದ ಮಂಡ್ಯವರೆಗೆ ಹಳಿ ಪಕ್ಕದ ಊರುಗಳಲ್ಲಿ ನಮ್ಮಂಥೋರು ಹತ್ತು ಜನ ಒಂದೊಂದು ಭಾನುವಾರ ಓಡಾಡಿದ್ರೆ ಇಡೀ ದಾರಿ ಬರೆದು ಮುಗಿಸ್ಬೋದು. ನಾವು ಬೋರ್ಡ್ ಕಂಡಲ್ಲೆಲ್ಲಾ ಗಾಡಿ ನಿಲ್ಲಿಸಿ ಹಾಕ್ತಾ ಬರ್ತಿದ್ದೀವಿ, ನೀವೂ ಹಾಕಿ ಅಂತ ಕೈಮುಗಿದು ಕೇಳ್ಕೋತೀನಿ.

ಓಸ್ಮ್‌ಆಂಡಿನ ನಿಜವಾದ ಶಕ್ತಿ ನನ್ನ ಪ್ರಕಾರ ಗಾತ್ರ ಹಾಕೋದಲ್ಲ, ಜಿಪಿಎಕ್ಸ್ ಟ್ರ್ಯಾಕ್. ಮನೇಲಿ ಕೂತು ಊರಿಂದ ಊರಿಗೆ ನೀವೇ ಗೆರೆ ಎಳೀರಿ, ಅದನ್ನ ಫೈಲ್ ಆಗಿ ಇಟ್ಕೊಳ್ಳಿ, ಹೊರಟಾಗ ಈ ಟ್ರ್ಯಾಕನ್ನ ಹಿಂಬಾಲಿಸು ಅಂತ ಹೇಳಿ. ಆಗ ಅದು ಹೊಸ ದಾರಿ ಹುಡುಕೋಕೆ ಹೋಗಲ್ಲ, ನೀವು ಹಾಕಿದ ಗೆರೇನೇ ಹೇಳುತ್ತೆ, ಡೀಸೆಲ್‌ಗೆ ಅಂತ ಆಚೆ ಹೋದ್ರೂ ಮತ್ತೆ ಆ ಗೆರೆಗೇ ತಂದು ಸೇರಿಸುತ್ತೆ. ನಾನು ಮೇಲೆ ಹೇಳಿದ ಎರಡನೇ ಗುಣ ಇದೇ, ದಾರಿ ನೀವು ಹಾಕೋದು, ಆ್ಯಪ್ ಅದನ್ನ ನೆನಪು ಮಾಡ್ತಾ ಹೋಗೋದು. ಹಾದು ಬಂದ ದಾರೀನೂ ರೆಕಾರ್ಡ್ ಆಗುತ್ತೆ, ಅದನ್ನ ಇನ್ನೊಬ್ಬ ಗಾಡಿಯವ್ರಿಗೆ ಕಳಿಸಿದ್ರೆ ಅಷ್ಟೇ ಎತ್ತರದ ಗಾಡಿ ಆರಾಮಾಗಿ ಹೋಗಿ ಬರ್ಬೋದು. ನನ್ನ ಹತ್ರ ಇರೋ ಟ್ರ್ಯಾಕುಗಳಲ್ಲಿ ಅರ್ಧ ಹಂಗೆ ಬಂದಿದ್ದೇ.

ಕ್ಯಾಂಪರ್‌ಗೇ ಅಂತ ಮಾಡಿದ ಸಾಧನಗಳು. ಗಾರ್ಮಿನ್ ಕಂಪನೀದು ಆರ್‌ವಿ (ಅಮೆರಿಕದಲ್ಲಿ ಕ್ಯಾಂಪರ್ ಗಾಡಿಗೆ ಹಂಗಂತಾರೆ) ಸರಣಿ ಇದೆ, ದೊಡ್ಡ ಸ್ಕ್ರೀನು, ಗಾಡಿ ಎತ್ತರ-ತೂಕದ ಜೊತೆ ಅಡುಗೆ ಗ್ಯಾಸ್ ಇದೆಯಾ ಅಂತಾನೂ ಕೇಳುತ್ತೆ, ಯಾಕಂದ್ರೆ ಅಮೆರಿಕದಲ್ಲಿ ಕೆಲವು ಸುರಂಗಗಳಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯೋಕೆ ಮಿತಿ ಇದೆ. ಫೋನಲ್ಲಾದ್ರೆ ಆರ್‌ವಿ ಲೈಫ್, ಕೋಪೈಲಟ್ ಥರದವು. ನೂರಾರು ಡಾಲರ್ ಕೊಟ್ಟು ಅದನ್ನ ಇಲ್ಲಿಗೆ ತರಿಸ್ಬೇಡಿ, ಅದರ ಬೆಲೆ ಇರೋದು ಅಲ್ಲಿನ ನಕ್ಷೆ, ಅಲ್ಲಿನ ಸೇತುವೆ ಅಂಕಿಗಳಲ್ಲಿ. ಆದ್ರೆ ಮೈಸೂರಲ್ಲಿ ಪ್ರತಿ ಬೀದೀಲೂ ಒಂದು ಮನೆಯಿಂದ ಮಕ್ಕಳು ಆ ಕಡೆ ಇದ್ದಾರೆ, ಅಪ್ಪ ಅಮ್ಮ ಹೋದಾಗ ಆರ್‌ವಿ ಬಾಡಿಗೆ ತಗೊಂಡು ಸುತ್ತಾಡಿಸ್ತಾರೆ. ಅಲ್ಲಿ ಇದು ತಗೊಳ್ಳಲೇಬೇಕಾದ್ದು. ನಾರ್ತ್ ಕೆರೊಲಿನಾದ ಡರ್ಹಮ್ ಊರಲ್ಲಿ 11 ಅಡಿ 8 ಇಂಚಿನ ಒಂದು ರೈಲ್ವೆ ಸೇತುವೆ ಇತ್ತು, ವರ್ಷಗಟ್ಟಲೆ ಬಾಡಿಗೆ ಲಾರಿ, ಆರ್‌ವಿಗಳ ನೆತ್ತಿ ಅದಕ್ಕೆ ಸಿಕ್ಕಿ ಡಬ್ಬಿ ಮುಚ್ಚಳ ತೆಗೆದಂಗೆ ಕಿತ್ತುಬಂದಿವೆ, ಕೊನೆಗೆ 2019ರಲ್ಲಿ ಅದನ್ನ 12 ಅಡಿ 4 ಇಂಚಿಗೆ ಎತ್ತರಿಸಿದ್ರು, ಆಮೇಲೂ ತಗಲೋದು ನಿಲ್ಲಲಿಲ್ಲ. ನ್ಯೂಯಾರ್ಕ್ ಸುತ್ತಮುತ್ತಲ ಪಾರ್ಕ್‌ವೇಗಳಲ್ಲೂ ಸೇತುವೆ ತಗ್ಗು. ಮೊದಲ ಸಲ ಅಷ್ಟು ದೊಡ್ಡ ಗಾಡಿ ಹಿಡಿಯೋ ಮಗನೋ ಮಗಳೋ ದಿನಾ ಆಫೀಸಿಗೆ ಹೋಗೋ ಅದೇ ಮ್ಯಾಪ್ ಹಾಕ್ಕೊಂಡು ಹೊರಡೋದು ಬೇಡ, ಬಾಡಿಗೆ ಕಾಗದದಲ್ಲಿ ಎತ್ತರ ಎಷ್ಟಿದೆ ಅಂತ ಓದಿಸಿ, ಅದನ್ನ ಹಾಕೋ ಆ್ಯಪನ್ನೇ ತಗೊಳ್ಳೋಕೆ ಹೇಳಿ.

ಇನ್ನು ನಮ್ಮ ಕಾಡು, ಘಾಟ್. ಇಲ್ಲಿ ಯಾವ ಆ್ಯಪ್ ಅನ್ನೋದಕ್ಕಿಂತ ನಿಮಗೆ ಏನು ಗೊತ್ತಿದೆ ಅನ್ನೋದೇ ಮುಖ್ಯ. ಬಂಡೀಪುರದಲ್ಲಿ ಗುಂಡ್ಲುಪೇಟೆ-ಸುಲ್ತಾನ್ ಬತ್ತೇರಿ ರಸ್ತೆ, ಅಂದ್ರೆ ಎನ್‌ಎಚ್ 766, ಆಮೇಲೆ ಊಟಿ ರಸ್ತೆ ಎನ್‌ಎಚ್ 181, ಎರಡೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, 2009ರಿಂದ ನಡ್ಕೊಂಡು ಬಂದಿದೆ. ಎಚ್.ಡಿ. ಕೋಟೆ ಕಡೆಯಿಂದ ಬಾವಲಿ ಮೇಲೆ ಮಾನಂತವಾಡಿಗೆ ಹೋಗೋ ರಸ್ತೆ ಇನ್ನೂ ಮುಂಚೆ, ಸಂಜೆ 6ಕ್ಕೇ ಮುಚ್ಚುತ್ತೆ. ಸತ್ಯಮಂಗಲ ಕಡೆ ದಿಂಬಂ ಘಾಟಲ್ಲಿ 27 ತಿರುವು, ಅಲ್ಲೂ 2022ರಿಂದ ರಾತ್ರಿ ನಿರ್ಬಂಧ. ಮ್ಯಾಪ್ ತೋರಿಸೋ ತಲುಪೋ ಸಮಯ ಕಾರಿನ ವೇಗದ್ದು, ನಮ್ಮ ಗಾಡಿ ಗಂಟೆಗೆ 50-60ರಲ್ಲಿ ಹೋಗೋದು, ಟೀ ಕುಡಿಯೋಕೆ ನಿಲ್ಲೋದು ಬೇರೆ, ಹಂಗಾಗಿ ಎಂಟಕ್ಕೆ ಗೇಟ್ ತಲುಪ್ತೀವಿ ಅಂತ ಅದು ಹೇಳಿದ್ರೆ ಒಂಬತ್ತೂ ಕಾಲು ಅಂದ್ಕೊಳ್ಳಿ. ನಾನು ಆ್ಯಪ್ ಹೇಳೋ ಹೊತ್ತಿಗೆ ಮೂರರಲ್ಲಿ ಒಂದು ಭಾಗ ಸೇರಿಸ್ತೀನಿ, ಗೇಟಿಗೆ ಒಂದು ಗಂಟೆ ಮುಂಚೆ ಇರೋ ಥರ ಹೊರಡ್ತೀನಿ. ಕಾಡೊಳಗೆ ನಿಲ್ಲಿಸೋದು, ಅಡುಗೆ ಮಾಡೋದು ಕೇಳಲೇಬೇಡಿ. ತಡ ಆದ್ರೆ ವಯನಾಡ್ ಕಡೆ ಹೋಗೋರಿಗೆ ಹುಣಸೂರು-ಗೋಣಿಕೊಪ್ಪ-ಕುಟ್ಟ ಬದಲಿ ದಾರಿ ಇದೆ, ಅದನ್ನ ಮೊದಲೇ ಟ್ರ್ಯಾಕ್ ಮಾಡಿಟ್ಕೊಂಡಿರಿ.

ಊಟಿಗೆ ಹೋಗೋರಿಗೆ ತೆಪ್ಪಕಾಡಲ್ಲಿ ದಾರಿ ಎರಡಾಗುತ್ತೆ. ಮಸಿನಗುಡಿ ಮೇಲೆ ಹೋದ್ರೆ ಸುಮಾರು 30 ಕಿಲೋಮೀಟರ್ ಉಳಿಯುತ್ತೆ, ಆದ್ರೆ ಕಲ್ಲಟ್ಟಿ ಘಾಟಲ್ಲಿ 36 ಹೇರ್‌ಪಿನ್, ಕಡಿದಾದ ಏರು, ಊಟಿಯಿಂದ ಆ ಕಡೆ ಇಳಿಯೋಕೆ ಹೊರಗಿನ ಗಾಡಿಗಳಿಗೆ ನಿರ್ಬಂಧಾನೂ ಇದೆ. ಕಡಿಮೆ ದೂರ ಹುಡುಕೋ ಆ್ಯಪ್ ಇದರ ಕಡೆ ಎಳೀಬೋದು. ಗೂಡಲೂರು ಮೇಲೇ ಹೋಗಿ, ಗೂಡಲೂರನ್ನ ಸ್ಟಾಪ್ ಆಗಿ ಹಾಕಿ. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇಕು, ಅದನ್ನೂ ಮನೇಲೇ ತೆಗೆದಿಟ್ಕೊಳ್ಳಿ, ಚೆಕ್‌ಪೋಸ್ಟ್ ಹತ್ರ ನೆಟ್ ಸಿಗುತ್ತೆ ಅಂತ ಕಾಯ್ಬೇಡಿ.

ಯಾವ ಸಾಧನದಲ್ಲಿ ಓಡಿಸೋದು ಅನ್ನೋದೂ ಒಂದು ಆಯ್ಕೇನೇ. ಹಳೇ ಫೋನ್ ಒಂದಿದ್ರೆ ಅದನ್ನ ಮ್ಯಾಪಿಗೇ ಮೀಸಲಿಡಿ, ಮಾತಾಡೋ ಫೋನ್ ಬೇರೆ ಇರ್ಲಿ, ಘಾಟ್ ತಿರುವಲ್ಲಿ ಕರೆ ಬಂದು ಮ್ಯಾಪ್ ಮುಚ್ಚಿಹೋಗೋದು ತಪ್ಪುತ್ತೆ. ದೊಡ್ಡ ಸ್ಕ್ರೀನ್ ಬೇಕು ಅಂತ ಟ್ಯಾಬ್ ತಗೊಳ್ಳೋರು ಜೋಪಾನ, ವೈಫೈ ಮಾತ್ರ ಇರೋ ಐಪ್ಯಾಡಲ್ಲಿ ಜಿಪಿಎಸ್ಸೇ ಇರಲ್ಲ, ಸಿಮ್ ಹಾಕೋ ಮಾಡೆಲ್ಲಲ್ಲಿ ಇರುತ್ತೆ, ಬೇರೆ ಟ್ಯಾಬುಗಳಲ್ಲೂ ಡಬ್ಬಿ ಮೇಲೆ ಜಿಪಿಎಸ್ ಅಂತ ಬರೆದಿದೆಯಾ ನೋಡಿ ದುಡ್ಡು ಕೊಡಿ. ಏಪ್ರಿಲ್ ಬಿಸಿಲಲ್ಲಿ ಗಾಜಿಗೆ ಅಂಟಿಸಿದ ಫೋನ್ ಕಾದು ಆಫ್ ಆಗುತ್ತೆ, ಏಸಿ ಗಾಳಿ ಬರೋ ಕಿಂಡಿ ಹತ್ರ ಸ್ಟ್ಯಾಂಡ್ ಹಾಕಿದ್ರೆ ತಣ್ಣಗಿರುತ್ತೆ. ಗಾಡೀಲಿ ಆಂಡ್ರಾಯ್ಡ್ ಆಟೋ ಇದ್ರೆ ಆರ್ಗ್ಯಾನಿಕ್ ಮ್ಯಾಪ್ಸ್ ಅದರಲ್ಲಿ ಬರುತ್ತೆ, ಓಸ್ಮ್‌ಆಂಡ್ ಬರ್ಬೇಕಾದ್ರೆ ದುಡ್ಡು ಕೊಟ್ಟ ಆವೃತ್ತಿ ಬೇಕು.

ಕಾಗದ ಬಿಡ್ಬೇಡಿ. ನಮ್ಮ ಮನೆಯವ್ರು ಹೊರಡೋ ಹಿಂದಿನ ರಾತ್ರಿ ಒಂದು ಹಾಳೇಲಿ ಊರಿನ ಹೆಸರು ಸಾಲಾಗಿ ಬರೀತಾರೆ, ನಡುವೆ ಕಿಲೋಮೀಟರ್, ಪಕ್ಕದಲ್ಲಿ ಎಡ-ಬಲ, ಗೇಟ್ ಮುಚ್ಚೋ ಹೊತ್ತು, ದೊಡ್ಡ ಬಂಕ್ ಎಲ್ಲಿ. ಆ ಹಾಳೆಗೆ ಚಾರ್ಜ್ ಬೇಡ. ಅದಕ್ಕಿಂತ ಹೆಚ್ಚಿನ ಲಾಭ ಇನ್ನೊಂದಿದೆ, ದಾರಿ ಕೇಳೋವಾಗ ಊರಿನ ಹೆಸರು ಬಾಯಲ್ಲಿರುತ್ತೆ. ಕೇಳೋದೂ ಒಂದು ಕಲೆ, "ಈ ದಾರೀಲಿ ಹೋಗ್ಬೋದಾ" ಅಂದ್ರೆ ನಮ್ಮ ಜನ ಬೇಜಾರಾಗ್ಬಾರ್ದು ಅಂತ ಹೋಗ್ಬೋದು ಅಂದುಬಿಡ್ತಾರೆ. "ಅಣ್ಣ, ಈ ರೋಡಲ್ಲಿ ಕೆಎಸ್‌ಆರ್‌ಟಿಸಿ ಬಸ್ಸು ಬರುತ್ತಾ, ಕಬ್ಬಿನ ಲಾರಿ ಹೋಗುತ್ತಾ" ಅಂತ ಕೇಳಿ. ಬಸ್ಸು ಬರೋ ರೋಡಲ್ಲಿ ನಮ್ಮ ಗಾಡಿಗೆ ಎತ್ತರದ ಚಿಂತೆ ಇಲ್ಲ, ಬಸ್ಸು ನಮಗಿಂತ ಎತ್ತರ. ಯಾವ ಆ್ಯಪಲ್ಲೂ ಸಿಗದ ಉತ್ತರ ಅದು.

ರಾತ್ರಿ ತಂಗೋ ಜಾಗಕ್ಕೆ ಐಓವರ್‌ಲ್ಯಾಂಡರ್ ಅನ್ನೋ ಆ್ಯಪಲ್ಲಿ ದೇಶ ಸುತ್ತೋರು ಬರೆದಿಟ್ಟ ಜಾಗಗಳಿವೆ, ನಮ್ಮ ಕಡೆ ಅಷ್ಟೊಂದಿಲ್ಲ, ಪಾರ್ಕ್‌ಫೋರ್‌ನೈಟ್ ಮುಖ್ಯವಾಗಿ ಯುರೋಪಿಗೆ. ನಾವು ಜಾಸ್ತಿ ತಂಗಿರೋದು ಹೈವೇ ಮೇಲಿನ ದೊಡ್ಡ ಬಂಕುಗಳಲ್ಲಿ, ಮ್ಯಾನೇಜರನ್ನ ಕೇಳಿ, ಡೀಸೆಲ್ ಹಾಕಿಸಿ, ಲೈಟ್ ಇರೋ ಮೂಲೇಲಿ. ಗೂಗಲ್ಲಲ್ಲಿ ಆ ಬಂಕಿನ ಫೋಟೋ ನೋಡಿದ್ರೆ ಜಾಗ ಎಷ್ಟಿದೆ, ಮೇಲಿನ ಶೆಡ್ ಎಷ್ಟೆತ್ತರ ಅಂತ ಅಂದಾಜಾಗುತ್ತೆ. ನ್ಯಾಷನಲ್ ಹೈವೇಲಿ ಏನಾದ್ರೂ ಆದ್ರೆ 1033ಕ್ಕೆ ಫೋನ್ ಮಾಡಿ.

ಹಂಗಾದ್ರೆ ಯಾರಿಗೆ ಯಾವುದು? ಓಮ್ನಿ, ಇಕೋ ಥರದ ಗಾಡಿ, ಮೇಲೇನೂ ಕಟ್ಟಿಲ್ಲ ಅಂದ್ರೆ ಗೂಗಲ್ ಜೊತೆ ಆರ್ಗ್ಯಾನಿಕ್ ಮ್ಯಾಪ್ಸ್ ಸಾಕು. ಎಕ್ಸ್‌ಪ್ರೆಸ್‌ವೇ, ಊರೂರ ಫ್ಲೈಓವರ್ ಜಾಸ್ತಿ ಸಿಗೋ ಪ್ರಯಾಣಕ್ಕೆ ಮ್ಯಾಪಲ್ಸ್ ಸೇರಿಸ್ಕೊಳ್ಳಿ. ಗಾಡಿ ಎಂಟಡಿ ದಾಟಿದ್ರೆ, ಇಲ್ಲಾ ಹಿಂದೆ ಟ್ರೈಲರ್ ಎಳೀತಿದ್ರೆ, ಓಸ್ಮ್‌ಆಂಡ್ ಕಲಿಯದೆ ಹೊರಡ್ಬೇಡಿ. ನಾವು ಟ್ರ್ಯಾಕ್ ಓಸ್ಮ್‌ಆಂಡಲ್ಲಿ ಓಡಿಸ್ತೀವಿ, ಪಕ್ಕದ ಸೀಟಿನ ಫೋನಲ್ಲಿ ಗೂಗಲ್ ಬರೀ ಟ್ರಾಫಿಕ್ ನೋಡೋಕೆ ತೆರೆದಿರುತ್ತೆ, ಎರಡೂ ಬೇರೆ ಬೇರೆ ಹೇಳಿದ್ರೆ ಗಾಡಿ ಪಕ್ಕಕ್ಕೆ ಹಾಕಿ ಹಾಳೆ ನೋಡ್ತೀವಿ.

ಮೊದಲ ದೊಡ್ಡ ಟ್ರಿಪ್ಪಿಗೆ ಮುಂಚೆ ಒಂದು ಬೆಳಿಗ್ಗೆ ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ನೀವೇ ಹಾಕಿದ ಟ್ರ್ಯಾಕಲ್ಲಿ ಮೈಸೂರಿಂದ ತಿ. ನರಸೀಪುರ, ಸೋಮನಾಥಪುರ, ಬನ್ನೂರು ಸುತ್ತಿ ವಾಪಸ್ ಬನ್ನಿ. ಎಲ್ಲಿ ದನಿ ತಡ ಆಯ್ತು, ಎಲ್ಲಿ ಟ್ರ್ಯಾಕ್ ಬಿಟ್ಟೋಯ್ತು, ಸ್ಟ್ಯಾಂಡ್ ಅಲ್ಲಾಡಿ ಫೋನ್ ಬಿತ್ತಾ, ಪಕ್ಕದಲ್ಲಿ ಕೂತೋರಿಗೆ ಅಕ್ಷರ ಕಾಣುತ್ತಾ, ಎಲ್ಲಾ ಮಧ್ಯಾಹ್ನದೊಳಗೆ ಗೊತ್ತಾಗುತ್ತೆ, ತಪ್ಪಿದ್ರೂ ಮನೆ ಹತ್ರಾನೇ ಇರ್ತೀರಿ.